ಮೊದಲ ಬ್ಯಾಚಿನ ಐಸು

ಕಳೆದ ತಿಂಗಳು ಹೆಜಮಾಡಿಯಲ್ಲಿ ಬಸ್ಸಿಳಿದು ಕಡಲಿನ ಕಡೆಗೆ ನಡೆಯುತ್ತಿದ್ದಾಗ ಮೂಗಿಗೆ ಏನೋ ಚುಚ್ಚಿದಂತಾಯಿತು. ಕಣ್ಣಲ್ಲಿ ನೀರು ಬಂತು. ಇದೆಂಥ ವಾಸನೆ ಮಾರಾಯ ಎಂದು ಕರವಸ್ತ್ರ ತೆಗೆದು ಮೂಗಿಗೆ ಹಿಡಿದೆ. ನಾಲ್ಕು ಹೆಜ್ಜೆ ಹಾಕಿದ ಮೇಲೆ ನನಗೇ ನಗು ಬಂತು. ಅದು ಐಸ್ ಪ್ಲಾಂಟಿನ ಅಮೋನಿಯ. ಆ ಪ್ಲಾಂಟಿನಲ್ಲಿ ಇಪ್ಪತ್ತೆರಡು ವರ್ಷ ಆಪರೇಟರ್ ಆಗಿದ್ದವನು ನಾನೇ. ಒಳಗಿದ್ದಷ್ಟು ಕಾಲ ಆ ವಾಸನೆ ನನಗೆ ಗೊತ್ತೇ ಆಗಿರಲಿಲ್ಲ. ಮೊಣಕಾಲು ನೋವೆಂದು ಕೆಲಸ ಬಿಟ್ಟು, ಕಾಪುವಿನಲ್ಲಿ ಸಣ್ಣದೊಂದು ಅಂಗಡಿ ಇಟ್ಟು ಎರಡು ವರ್ಷವಾದ ಮೇಲೆ ನನಗೂ ಎಲ್ಲರ ಹಾಗಿನ ಮೂಗು ಬಂದಿದೆ.

ಮನೆಯಲ್ಲಿ ಒಬ್ಬಳಿಗೆ ಮಾತ್ರ ಅದು ಯಾವಾಗಲೂ ಗೊತ್ತಾಗುತ್ತಿತ್ತು. ನನ್ನ ಮಗಳು ನಿಶ್ಮಿತಾ. ಹದಿಮೂರು ವರ್ಷದವಳಾಗಿದ್ದಾಗ ಶನಿವಾರಗಳಲ್ಲಿ ಮಣಿಪಾಲಕ್ಕೆ ರೋಲರ್ ಸ್ಕೇಟಿಂಗ್ ಕಲಿಯಲು ಹೋಗುತ್ತಿದ್ದಳು. ಪಾಳಿ ಮುಗಿಸಿ ನಾನು ನೇರ ಅಲ್ಲಿಗೆ ಹೋದರೆ ದೂರದಿಂದಲೇ ಕೈಸನ್ನೆ ಮಾಡಿ ಗೇಟಿನ ಹೊರಗೆ ನಿಲ್ಲಿಸುವಳು. "ಪಪ್ಪ, ಹತ್ತಿರ ಬರ್ಬೇಡಿ. ನಿಮ್ಮ ಅಂಗಿ ವಾಸನೆ ಬರ್ತದೆ. ಅವರೆಲ್ಲ ಡಾಕ್ಟರರ ಮಕ್ಕಳು." ನಾನು ನಕ್ಕು ಗೇಟಿನಾಚೆಯೇ ನಿಲ್ಲುತ್ತಿದ್ದೆ. ನಕ್ಕದ್ದೂ ನಿಜ, ಎದೆಯೊಳಗೆ ಚುರುಕ್ ಎಂದದ್ದೂ ನಿಜ.

ನಾನು ಹೇಳಹೊರಟದ್ದು ಆ ವರ್ಷದ ಮಳೆಗಾಲದ ಕಥೆ. ನಮ್ಮ ಕಡೆ ಜೂನ್, ಜುಲೈ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಮೀನುಗಾರಿಕೆಗೆ ನಿಷೇಧ. ಬೋಟಿಲ್ಲದಿದ್ದರೆ ಮೀನಿಲ್ಲ, ಮೀನಿಲ್ಲದಿದ್ದರೆ ಐಸನ್ನು ಕೇಳುವವರಿಲ್ಲ. ಪ್ಲಾಂಟು ನಿಲ್ಲುತ್ತದೆ. ಬೆಳಿಗ್ಗೆ ಎರಡು ಗಂಟೆ ಪೈಪಿಗೆ ಬಣ್ಣ, ಪಂಪಿಗೆ ಗ್ರೀಸು ಎಂದು ಏನಾದರೂ ಮಾಡಿ ಬಂದರೆ ಆಮೇಲೆ ಜಗಲಿಯಲ್ಲಿ ಕುಳಿತು ಮಳೆ ನೋಡುವುದೇ ಉದ್ಯೋಗ. ಊಟಕ್ಕೆ ಒಣ ಸಿಗಡಿ ಚಟ್ನಿ, ಹುರುಳಿ ಸಾರು. ಹೊತ್ತು ಹೋಗದೆ ನಾನು ಎಲ್ಲರ ಮೇಲೂ ರೇಗುತ್ತಿದ್ದೆ.

ಅಂಥದೊಂದು ಮಧ್ಯಾಹ್ನ ನಿಶ್ಮಿತಾ ಮೊಬೈಲಿನೊಳಗೆ ಮುಖ ಹುದುಗಿಸಿಕೊಂಡು ಕುಳಿತಿದ್ದಳು.

"ಎಂತ ನೋಡುದು ಅದು, ಆಗದಿಂದ?"

"ಫಿಗರ್ ಸ್ಕೇಟಿಂಗ್. ಐಸ್ ಮೇಲೆ ಮಾಡುದು."

"ಐಸ್ ಮೇಲೆ ಜಾರ್ಲಿಕ್ಕೆ ಕಲೀಬೇಕಾ? ನಮ್ಮ ಪ್ಲಾಂಟಿಗೆ ಬಾ. ದಿನಕ್ಕೆ ಮೂರು ಜನ ಪುಕ್ಕಟೆ ಜಾರಿ ಬೀಳ್ತಾರೆ!"

ಅವಳು ಮೊಬೈಲನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ನೋಡಿದೆ. ಇಪ್ಪತ್ತರ ಒಳಗಿನ ಒಬ್ಬ ಹುಡುಗಿ ಹಿಮ್ಮುಖವಾಗಿ ಬರುತ್ತಿದ್ದಳು. ಕಡೆಯ ಗಳಿಗೆಯಲ್ಲಿ ಮುಂದಕ್ಕೆ ತಿರುಗಿ ಹಾರಿದಳು. ಗಾಳಿಯಲ್ಲಿ ಸುತ್ತಿದ್ದು ಲೆಕ್ಕಕ್ಕೇ ಸಿಗಲಿಲ್ಲ. ಇಳಿದದ್ದು ಒಂದೇ ಕಾಲಿನ ಮೇಲೆ, ಅದೂ ಹಿಮ್ಮುಖವಾಗಿ. ಆ ಕಾಲಿನ ಕೆಳಗಿದ್ದದ್ದು ನಾಲ್ಕು ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿ. ಅದರ ಕೆಳಗಿದ್ದದ್ದು ಐಸು. ನಾನು ದಿನಾ ಮಾಡುವ, ಕೊಕ್ಕೆ ಹಾಕಿ ಎಳೆಯುವ, ಪುಡಿ ಮಾಡಿ ಬಂಗುಡೆ ಮೀನಿನ ಮೇಲೆ ಸುರಿಯುವ ಐಸು! ಅಬ್ಬಬ್ಬಾ ಎಂದು ಬಾಯಿಂದ ತಾನಾಗಿ ಬಂತು. ಮತ್ತೆ ನೋಡಿದೆ. ನಿಧಾನ ಮಾಡಿ ನೋಡಿದೆ. ಹೊರಗೆ ಮಳೆ ನಿಂತದ್ದೂ ತಿಳಿಯಲಿಲ್ಲ. ಇಷ್ಟು ವರ್ಷ ಒಂದು ವಸ್ತುವಿನ ಜೊತೆ ಬದುಕಿ ಅದರ ಸ್ವಭಾವ ಏನೆಂದೇ ಗೊತ್ತಿಲ್ಲದೆ ಇದ್ದೆನಲ್ಲ ಎಂದು ಅನಿಸಿ ಮೈ ಜುಮ್ಮೆಂದಿತು.

ಅಂದಿನಿಂದ ನನಗೆ ಹುಚ್ಚು ಹಿಡಿಯಿತು. ವಿಡಿಯೋಗಳೆಲ್ಲ ಇಂಗ್ಲಿಷಿನಲ್ಲಿ, ನನ್ನದು ಪಿಯುಸಿ ಇಂಗ್ಲಿಷು. ಕೆಳಗೆ ಅಕ್ಷರ ಬರುವಂತೆ ಮಗಳು ಮಾಡಿಕೊಟ್ಟಳು. ನಿಲ್ಲಿಸಿ ನಿಲ್ಲಿಸಿ ಓದಿದೆ. ಟ್ಯಾಂಕಿನ ಟೆಂಪರೇಚರ್ ಬರೆಯುವ ಹಳೆಯ ಪುಸ್ತಕದ ಹಿಂಬದಿಯಲ್ಲಿ ನಿಯಮಗಳನ್ನು ಬರೆದುಕೊಂಡೆ. ಪ್ರತಿ ಜಿಗಿತಕ್ಕೂ ಪ್ರತಿ ಸುತ್ತಿಗೂ ಮೊದಲೇ ಗೊತ್ತುಮಾಡಿದ ಒಂದು ಬೆಲೆ ಉಂಟು; ಅದನ್ನು ಎಷ್ಟು ಚಂದ ಮಾಡಿದರು ಎಂಬುದಕ್ಕೆ ತೀರ್ಪುಗಾರರು ಐದರವರೆಗೆ ಕೂಡಿಸಬಹುದು, ಐದರವರೆಗೆ ಕಳೆಯಬಹುದು. ಜಿಗಿತಗಳಲ್ಲಿ ಆಕ್ಸೆಲ್ ಎಂಬುದೊಂದಕ್ಕೆ ಮಾತ್ರ ಮುಂದೆ ಮುಖ ಮಾಡಿ ಹಾರಬೇಕು, ಹಾಗಾಗಿ ಅದಕ್ಕೆ ಅರ್ಧ ಸುತ್ತು ಜಾಸ್ತಿ. ಬಟ್ಟೆಯಿಂದ ಒಂದು ಮಣಿ ಉದುರಿ ಐಸಿಗೆ ಬಿದ್ದರೂ ಅಂಕ ಹೋಗುತ್ತದೆ. ಆಡುವವರೇ ಬಿದ್ದರೆ ಒಂದು ಅಂಕ ಕಳೆಯುತ್ತಾರೆ, ಆದರೆ ಎದ್ದು ಮುಂದುವರಿಸಬಹುದು. ಆ ಕಡೆಯ ನಿಯಮದ ಕೆಳಗೆ ಎರಡು ಗೆರೆ ಎಳೆದೆ.

ಅವರು ಸ್ಕೇಟಿಂಗ್ ಮಾಡುವ ಅಂಗಣದ ಐಸನ್ನು ಮಾಡುವುದು ಹೇಗೆ ಎಂದು ಹುಡುಕಿ ನೋಡಿದ ದಿನ ಮಾತ್ರ ಕುರ್ಚಿಯಿಂದ ಎದ್ದೇಬಿಟ್ಟೆ. ಅದೇ ಕಂಪ್ರೆಸರ್, ಅದೇ ಅಮೋನಿಯ, ಅದೇ ಉಪ್ಪುನೀರು! ನಮ್ಮಲ್ಲಿ ತಣ್ಣಗಾದ ಉಪ್ಪುನೀರಿನ ಟ್ಯಾಂಕಿನಲ್ಲಿ ಕ್ಯಾನುಗಳನ್ನು ಮುಳುಗಿಸಿ ಒಳಗಿನ ಸಿಹಿನೀರನ್ನು ಗಟ್ಟಿ ಮಾಡುತ್ತೇವೆ. ಅವರು ಅದೇ ಉಪ್ಪುನೀರನ್ನು ನೆಲದಡಿಯ ಕೊಳವೆಗಳಲ್ಲಿ ಹರಿಸುತ್ತಾರೆ. "ನಿಶ್ಮಿ, ಇವರು ನಮ್ಮವರೇ!" ಎಂದು ಕೂಗಿದೆ.

ನನ್ನ ಹೆಂಡತಿ ಗೀತಾ ಅಡುಗೆಮನೆಯಿಂದಲೇ ಹೇಳಿದಳು: "ಮೀನಿಲ್ಲದ ಎರಡು ತಿಂಗಳು ಗಂಡಸರಿಗೆ ತಲೆ ಕೆಡ್ತದೆ ಅಂತ ನನ್ನ ಅಮ್ಮ ಹೇಳ್ತಿದ್ರು. ನಾನೇ ನಂಬಿರ್ಲಿಲ್ಲ."

ಇಷ್ಟೇ ಆಗಿದ್ದರೆ ಅದು ತಮಾಷೆಯಾಗಿಯೇ ಮುಗಿಯುತ್ತಿತ್ತು. ಜುಲೈ ಅರ್ಧ ಕಳೆದಾಗ ರೋಲರ್ ಕಲಿಸುವ ವಾಲ್ಟರ್ ಸರ್ ಫೋನ್ ಮಾಡಿದರು. ಅವರು ಗಲ್ಫಿನ ಒಂದು ಮಾಲಿನಲ್ಲಿ ಐಸ್ ಅಂಗಣದ ಕೌಂಟರಿನಲ್ಲಿ ಒಂಬತ್ತು ವರ್ಷ ಬೂಟು ಕೊಡುತ್ತಿದ್ದವರು. "ನಾನು ಬೂಟು ಕೊಟ್ಟದ್ದು ಲಕ್ಷ ಜನಕ್ಕೆ, ಐಸ್ ಮೇಲೆ ನಾನೇ ಕಾಲಿಟ್ಟದ್ದು ಬೆರಳೆಣಿಕೆ ಸಲ" ಎಂದು ಅವರೇ ನಗುತ್ತಾರೆ. ಅವರು ಹೇಳಿದ ವಿಷಯ ಇದು: ಉತ್ತರದ ಬೆಟ್ಟದ ಊರಿನಲ್ಲಿ ಒಂದು ಒಳಾಂಗಣ ಐಸ್ ಅಂಗಣ ಉಂಟು, ಅಲ್ಲಿ ಮಕ್ಕಳಿಗೆ ಒಂದು ತಿಂಗಳ ಶಿಬಿರ. ರೋಲರಿನಲ್ಲಿ ಪಳಗಿದ ಮಕ್ಕಳೂ ಅರ್ಜಿ ಹಾಕಬಹುದು. ಆದರೆ ಎರಡು ನಿಮಿಷದ ವಿಡಿಯೋ ಕಳಿಸಬೇಕು, ಅದು ಐಸಿನ ಮೇಲೆಯೇ ಆಗಿರಬೇಕು. ಬಿದ್ದು ಏಳುವುದು, ಒಂದೇ ಕಾಲಿನಲ್ಲಿ ಜಾರುವುದು, ಹೊರ ಅಂಚಿನ ಮೇಲೆ ಒಂದು ತಿರುವು, ಮತ್ತೆ ನಿಲ್ಲುವುದು. ವಯಸ್ಸಿನ ಮಿತಿಯಿಂದಾಗಿ ನಿಶ್ಮಿತಾಳಿಗೆ ಅದೇ ಕೊನೆಯ ವರ್ಷ. ಕೊನೆಯ ದಿನಾಂಕ ನಿಷೇಧ ಮುಗಿಯುವ ದಿನವೇ.

ಬೆಂಗಳೂರಿನ ಮಾಲೊಂದರಲ್ಲಿ ಸಣ್ಣ ಅಂಗಣವಿತ್ತು. ಫೋನ್ ಮಾಡಿದರೆ ರಿಪೇರಿಗೆ ಮುಚ್ಚಿದೆ ಎಂದರು. ನಿಶ್ಮಿತಾ ರೋಲರ್ ಬೂಟನ್ನು ಒರೆಸಿ ಅಟ್ಟದ ಮೇಲಿಟ್ಟಳು. ಅಳುವ ಮಗುವನ್ನಾದರೂ ಸಮಾಧಾನ ಮಾಡಬಹುದು, ಬೂಟನ್ನು ಅಟ್ಟಕ್ಕೆ ಎತ್ತಿಡುವ ಮಗುವನ್ನು ನೋಡಲಾಗುವುದಿಲ್ಲ. ಆಗ ನನ್ನ ತಲೆಗೆ ಹೊಳೆದದ್ದು ಮೊದಲ ಬ್ಯಾಚು.

ನಮ್ಮ ಪ್ಲಾಂಟುಗಳಲ್ಲಿ ಒಂದು ರೂಢಿ. ನಿಷೇಧ ಮುಗಿಯುವ ಕೆಲವು ದಿನ ಮೊದಲು ಯಂತ್ರ ಚಾಲೂ ಮಾಡಿ ಒಂದು ಬ್ಯಾಚು ಐಸು ತೆಗೆಯುತ್ತೇವೆ. ಎರಡು ತಿಂಗಳು ಸುಮ್ಮನಿದ್ದ ಕ್ಯಾನುಗಳ ತುಕ್ಕು, ಬಣ್ಣದ ಸಿಪ್ಪೆ ಅದರಲ್ಲಿ ಬರುತ್ತದೆಂದು ಅದನ್ನು ಮೀನಿಗೆ ಕೊಡುವುದಿಲ್ಲ, ಒಡೆದು ಚೆಲ್ಲುತ್ತೇವೆ. ಹೇಗೂ ಚೆಲ್ಲುವ ಐಸು! ಪ್ಲಾಂಟಿನ ಧಣಿಗಳಿಗೆ ಫೋನ್ ಮಾಡಿ, ಚೆಲ್ಲುವ ಮೊದಲು ನಾಲ್ಕು ದಿನ ಐಸ್ ರೂಮಿನಲ್ಲಿ ಹಾಸಿಕೊಳ್ಳುತ್ತೇನೆ, ಮಗಳಿಗೆ ಬೇಕು ಎಂದೆ. ಅವರು "ಮಗಳಿಗೆ ಜ್ವರ ಗಿರ ಇಲ್ಲ ಅಲ್ವಾ?" ಎಂದು ಕೇಳಿದರು. ವಿಷಯ ಬಿಡಿಸಿ ಹೇಳಿದೆ. ನಕ್ಕು ಒಪ್ಪಿದರು.

ಗೀತಾ ಮಾತ್ರ ಒಪ್ಪಲಿಲ್ಲ. ನಮ್ಮ ಕಡೆ ಮಳೆಗಾಲದ ಆಟಿ ತಿಂಗಳು ಶುಭಕಾರ್ಯಕ್ಕೆ ಆಗದು. "ಆಟಿ ತಿಂಗಳಲ್ಲಿ ಯಾರಾದ್ರೂ ಹೊಸ ಕೆಲಸಕ್ಕೆ ಕೈ ಹಾಕ್ತಾರಾ?" ಎಂದಳು. ಆದರೂ ಬೂಟಿನ ಕಷ್ಟ ಬಿಡಿಸಿದ್ದು ಅವಳೇ. ವಾಲ್ಟರ್ ಸರ್ ಗಲ್ಫಿನಿಂದ ನೆನಪಿಗೆಂದು ತಂದಿದ್ದ ಒಂದು ಜೊತೆ ಐಸ್ ಬೂಟು ಕೊಟ್ಟರು. ಬ್ಲೇಡು ನಮ್ಮ ಕಡಲ ಗಾಳಿಗೆ ತುಕ್ಕು ಹಿಡಿದು ಕೆಂಪಾಗಿತ್ತು. ಉಡುಪಿಯಲ್ಲಿ ಚೂರಿ ಸಾಣೆ ಹಿಡಿಯುವವನು "ಕೊಡಿ ಅಣ್ಣ, ಮೀನು ಕತ್ತಿಯ ಹಾಗೆ ಮಾಡಿ ಕೊಡ್ತೇನೆ" ಎಂದು ಕೈ ಚಾಚಿದ. ನಾನು ಬೂಟನ್ನು ಎದೆಗವಚಿಕೊಂಡು ಹಿಂದೆ ಸರಿದೆ. ವಿಡಿಯೋ ನೋಡದಿದ್ದರೆ ಖಂಡಿತ ಕೊಡುತ್ತಿದ್ದೆ. ಆ ಬ್ಲೇಡಿಗೆ ಚೂರಿಯಂತೆ ಒಂದು ಅಂಚಲ್ಲ, ಎರಡು. ನಡುವೆ ಉದ್ದಕ್ಕೂ ಸಣ್ಣದೊಂದು ತಗ್ಗು. ಆಚೆ ವಾಲಿದರೆ ಹೊರ ಅಂಚು, ಈಚೆ ವಾಲಿದರೆ ಒಳ ಅಂಚು. ಇಡೀ ಆಟ ನಿಂತಿರುವುದು ಆ ಎರಡು ಅಂಚುಗಳ ಮೇಲೆ. ಗೀತಾಳ ಅಣ್ಣ ಕಾರ್ಕಳದಲ್ಲಿ ಕಲ್ಲು ಕೆತ್ತುವವನು. "ಅಣ್ಣ ವಿಗ್ರಹದ ಬೆರಳಿನ ಸಂದು ಉಜ್ಜುವವನು, ಇದು ಅವನಿಗೆ ಆಗದಾ?" ಎಂದಳು. ಕಪ್ಪು ಕಲ್ಲನ್ನು ನಯ ಮಾಡುವ ಬೆರಳು ದಪ್ಪದ ದುಂಡು ಸಾಣೆಕಲ್ಲಿನಿಂದ ಅವನು ಇಡೀ ದಿನ ಕುಳಿತು ಆ ತಗ್ಗನ್ನು ಉಜ್ಜಿಕೊಟ್ಟ. ಉಗುರನ್ನು ಅಂಚಿಗೆ ತಾಗಿಸಿ ನೋಡಿ, "ಭಾವ, ಇದನ್ನು ಮಾಡಿದವನು ದೊಡ್ಡ ಕೆಲಸಗಾರ" ಎಂದ. ಅವನ ಧ್ವನಿಯಲ್ಲಿಯೂ ಬೆರಗಿತ್ತು.

ಐಸು ಬಂತು. ಅರವತ್ತು ಬ್ಲಾಕುಗಳು, ಒಂದೊಂದು ಐವತ್ತು ಕಿಲೋ. ನನ್ನ ಜೊತೆಗಿದ್ದದ್ದು ಲೋಕಯ್ಯಣ್ಣ, ಅರವತ್ತೈದು ದಾಟಿದವನು, ನಲವತ್ತು ವರ್ಷದಿಂದ ಐಸು ಎಳೆದು ಬೋಟಿಗೆ ತುಂಬುವವನು. ಗೋಡೆಗೆಲ್ಲ ತಂಪಿನ ಕೊಳವೆ ಸುತ್ತಿದ ಐಸ್ ರೂಮಿನಲ್ಲಿ ಇಬ್ಬರೂ ಬ್ಲಾಕುಗಳನ್ನು ಒಂದಕ್ಕೊಂದು ಒತ್ತಿ ಹಾಸಿದೆವು. ಸಂದುಗಳಿಗೆ ನೀರು ಬಿಟ್ಟು ಕೂಡಿಸಿದೆವು. ಬಿಸಿನೀರು ಗೀರುಗಳನ್ನು ಕರಗಿಸಿ ಮಟ್ಟ ಮಾಡುತ್ತದೆ ಎಂದು ವಿಡಿಯೋದಲ್ಲಿ ಕಲಿತಿದ್ದೆ. ಹಂಡೆಯಲ್ಲಿ ನೀರು ಕಾಯಿಸಿ ಗೋಣಿಚೀಲ ಅದ್ದಿ ಮೇಲೆಲ್ಲ ಎಳೆದೆವು, ಗಂಟೆಗೊಂದು ಸಲ. ಮೂರನೆಯ ದಿನ ಸಂಜೆಗೆ ಆ ಕೋಣೆಯ ನೆಲ ಕನ್ನಡಿಯಾಗಿತ್ತು. ಗೆದ್ದೆ ಎಂದುಕೊಂಡು ಮನೆಗೆ ಹೋದೆ. ಮರುದಿನವೇ ಕೊನೆಯ ದಿನ.

ಬೆಳಿಗ್ಗೆ ಮಗಳನ್ನೂ ವಾಲ್ಟರ್ ಸರ್ ಅವರನ್ನೂ ಕರೆದುಕೊಂಡು ಬಂದು ಬಾಗಿಲು ತೆಗೆದರೆ ಕೆಸರು. ಐಸಿನ ಮೇಲೆ ಪಾದ ಮುಳುಗುವಷ್ಟು ನೀರು, ಕೆಳಗೆ ತಿಂದಂತೆ ಹೊಂಡ ಹೊಂಡ. ಲೋಕಯ್ಯಣ್ಣ ಮೂಲೆಯಲ್ಲಿ ಖಾಲಿ ಚೀಲ ಹಿಡಿದು ನಿಂತಿದ್ದ.

"ಎಂತ ಮಾಡಿದ್ದು ಮಾರಾಯ ನೀನು?"

"ಉಪ್ಪು ಹಾಕಿದ್ದು" ಎಂದ. "ನಿನ್ನೆ ನೀನು ಹೋದ ಮೇಲೆ. ದೂರದ ಲೋಡಿಗೆ ಉಪ್ಪು ಹಾಕಿದ್ರೆ ತಂಪು ಜೋರು ಹಿಡೀತದೆ ಅಲ್ವಾ. ಮಗು ನಿಲ್ಲುವ ಐಸು, ಗಟ್ಟಿ ಇರ್ಲಿ ಅಂತ."

ಹೌದು, ಪೆಟ್ಟಿಗೆಯ ಮೀನಿಗೆ ನಾವು ಹಾಗೆಯೇ ಮಾಡುವುದು. ಉಪ್ಪು ಬಿದ್ದ ಐಸು ಇನ್ನೂ ತಣ್ಣಗಾಗುತ್ತದೆ, ಆದರೆ ಕರಗುತ್ತ ತಣ್ಣಗಾಗುತ್ತದೆ. ಮೀನಿಗೆ ಅದು ಒಳ್ಳೆಯದು, ಕಾಲಿಗೆ ಅಲ್ಲ. ನನಗೆ ಬಂದ ಸಿಟ್ಟಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇಲ್ಲಿ ಬರೆಯಲು ನಾಚಿಕೆಯಾಗುವಷ್ಟು ಅಂದೆ. ಹೊಸ ಐಸು ಕಟ್ಟಲು ಒಂದು ದಿನಕ್ಕಿಂತ ಹೆಚ್ಚು ಬೇಕು, ನಮ್ಮ ಬಳಿ ಇದ್ದದ್ದು ಆ ಒಂದು ಹಗಲು. ನಿಶ್ಮಿತಾ ನನ್ನ ಕೈ ಹಿಡಿದು ಎಳೆದಳು. "ಪಪ್ಪ, ಅಜ್ಜನಿಗೆ ಬೈಬೇಡಿ. ಬಿದ್ದರೆ ಒಂದೇ ಅಂಕ ಹೋಗುದು ಅಂತ ನೀವೇ ಬರೆದದ್ದು."

ಲೋಕಯ್ಯಣ್ಣ ಅಷ್ಟರಲ್ಲಿ ಗೋಡೆಯಲ್ಲಿದ್ದ ಕೊಕ್ಕೆ ತೆಗೆದುಕೊಂಡಿದ್ದ. "ಉಪ್ಪು ಮೇಲೆ ತಿಂದದ್ದು. ಅಡಿ ಹಾಗೇ ಉಂಟು" ಎಂದ. "ಮಗುಚುವ."

ಉಪ್ಪು ಮಾಡಿದ ಒಂದೇ ಉಪಕಾರವೆಂದರೆ ಸಂದುಗಳನ್ನೂ ಬಿಡಿಸಿತ್ತು. ಅವನು ಮೊದಲ ಬ್ಲಾಕಿಗೆ ಕೊಕ್ಕೆ ಹಾಕಿದ. ಆಗ ನಾನು ಕಂಡದ್ದನ್ನು ಹೇಗೆ ಹೇಳಲಿ? ನಲವತ್ತು ವರ್ಷದಿಂದ ಅವನು ಐಸು ಎಳೆಯುವುದನ್ನು ಎಲ್ಲರೂ ನೋಡಿದ್ದಾರೆ, ಪ್ಲಾಂಟಿಗೆ ಸೇರಿದಾಗಿನಿಂದ ನಾನೂ ನೋಡಿದ್ದೇನೆ. ನೋಡಿರಲಿಲ್ಲ ಎಂದು ಆ ದಿನ ಗೊತ್ತಾಯಿತು. ಸವೆದ ರಬ್ಬರು ಚಪ್ಪಲಿಯಲ್ಲಿ ನೀರಾಡುವ ಐಸಿನ ಮೇಲೆ ನಿಂತು, ಮೊಣಕಾಲು ಬಗ್ಗಿಸಿ, ಎಡಗಾಲಿನ ಒಳಬದಿಗೆ ಭಾರ ಬಿಟ್ಟು, ಬಲಗಾಲನ್ನು ಜಾರಿಸಿ ತಿರುಗಿದ. ಐವತ್ತು ಕಿಲೋ ಅವನ ಜೊತೆ ತಿರುಗಿ ಮಗುಚಿಕೊಂಡಿತು. ಒಂದು ತಿಂಗಳು ಮೊಬೈಲಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದ ಒಳ ಅಂಚು, ಹೊರ ಅಂಚು, ಮೂರರ ಅಂಕಿಯಂಥ ತಿರುವು, ಎಲ್ಲವೂ ಆ ಮುದುಕನ ಕಾಲಿನಲ್ಲಿತ್ತು. ಅವನಿಗೆ ಅದರ ಹೆಸರು ಗೊತ್ತಿರಲಿಲ್ಲ ಅಷ್ಟೇ. ನಾನು ಬೈದದ್ದು ಇವನಿಗೆ.

ವಾಲ್ಟರ್ ಸರ್ ಬಾಯಿ ತೆರೆದು ನಿಂತಿದ್ದರು. "ಗಲ್ಫಿನಲ್ಲಿ ಇದಕ್ಕೆ ಟಿಕೆಟ್ ಇಡ್ತಿದ್ರು" ಎಂದರು.

ನಾವು ಮಗುಚಿದೆವು, ಸಿಹಿನೀರಿನಲ್ಲಿ ಉಪ್ಪು ತೊಳೆದೆವು, ಸಂದು ತುಂಬಿದೆವು, ಗೋಣಿ ಎಳೆದೆವು. ಗೀತಾ ಗಂಜಿ ಕಳಿಸಿದ್ದಳು, ಯಾರೂ ಕೂತು ಉಣ್ಣಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಐಸು ಹಿಡಿಯಿತು. ಹಿಂದಿನ ದಿನದ ಕನ್ನಡಿಯಲ್ಲ. ಅಲ್ಲಲ್ಲಿ ಬಿಳಿ, ಒಂದೆರಡು ಕಡೆ ತುಕ್ಕಿನ ಕಲೆ. ಆದರೆ ಗಟ್ಟಿ.

ನಿಶ್ಮಿತಾ ಬೂಟಿನ ದಾರ ಬಿಗಿದು ಒಳಗೆ ಕಾಲಿಟ್ಟಳು. ಇಟ್ಟವಳೇ ದೊಪ್ಪನೆ ಕೂತಳು. ಎದ್ದಳು, ಮತ್ತೆ ಬಿದ್ದಳು. ರೋಲರಿನ ಚಕ್ರಕ್ಕೆ ಒಗ್ಗಿದ ಕಾಲು ಬ್ಲೇಡಿನ ಮೇಲೆ ನಡುಗುತ್ತಿತ್ತು. ನಾನು ಬಾಗಿಲಿನಿಂದ "ಹೊರ ಅಂಚು! ಭುಜ ತಿರುಗಿಸು! ಭಾರ ಹಿಂದೆ!" ಎಂದು ಪುಸ್ತಕದಲ್ಲಿದ್ದದ್ದನ್ನೆಲ್ಲ ಕೂಗಿದೆ. ಅವಳ ಕಣ್ಣು ತುಂಬಿತು. ಆಗ ಲೋಕಯ್ಯಣ್ಣ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಹೇಳಿದ: "ಮಗಾ, ಐಸಿಗೆ ಹೆದರಿ ನೆಟ್ಟಗೆ ನಿಂತ್ರೆ ಅದು ಬೀಳಿಸ್ತದೆ. ಮೊಣಕಾಲು ಬಗ್ಗಿಸು. ಕಾಲನ್ನು ನೋಡ್ಬೇಡ, ಹೋಗುವ ಕಡೆ ನೋಡು. ಸ್ವಲ್ಪ ಜಾರ್ಲಿಕ್ಕೆ ಬಿಡು. ಹಿಡ್ಕೊಳ್ಳುವುದು ಆಮೇಲೆ."

ಅವಳು ಮೂಗು ಒರೆಸಿಕೊಂಡು ಮೊಣಕಾಲು ಬಗ್ಗಿಸಿದಳು. ನಾಲ್ಕೈದು ಸಲ ಹೋಗಿ ಬಂದಳು. ಆಮೇಲೆ ವಾಲ್ಟರ್ ಸರ್ ಅವರಿಗೆ ತಲೆಯಾಡಿಸಿದಳು. ಅವರು ಮೊಬೈಲ್ ಎತ್ತಿದರು. ಬಿದ್ದು ಎದ್ದಳು, ಆ ಒಂದನ್ನು ಚೆನ್ನಾಗಿ ಅಭ್ಯಾಸ ಮಾಡಿದ್ದಳು. ಒಂದು ಕಾಲಿನಲ್ಲಿ ಕೋಣೆಯ ಉದ್ದಕ್ಕೂ ಜಾರಿದಳು. ಮರಳಿ ಬರುವಾಗ ಬಲಕ್ಕೆ ವಾಲಿ, ಕೈ ಚಾಚಿ, ಬಲಗಾಲಿನ ಹೊರ ಅಂಚಿನ ಮೇಲೆ ಒಂದು ಅರ್ಧ ವೃತ್ತ ಎಳೆದಳು. ಶಬ್ದವೇ ಇಲ್ಲ. ಸರ್ರನೆ ಒಂದು ಉಸಿರಿನಷ್ಟು, ಅಷ್ಟೇ. ನನ್ನ ಮಗಳು ನಾನು ಮಾಡಿದ ಐಸಿನ ಮೇಲೆ ತೇಲಿ ಹೋದಳು. ಆ ಕ್ಷಣದಲ್ಲಿ ನಾನು ಉಸಿರಾಡಿದೆನೋ ಇಲ್ಲವೋ ನೆನಪಿಲ್ಲ. ದೇವರ ಮುಂದೆ ನಿಂತಾಗಲೂ ನನಗೆ ಹಾಗೆ ಆದದ್ದಿಲ್ಲ.

ಅವಳು ನಿಂತ ಮೇಲೆ ಬಗ್ಗಿ ಆ ಗುರುತು ನೋಡಿದೆ. ಬ್ಲೇಡು ನೆಟ್ಟಗಿದ್ದರೆ ಎರಡು ಗೆರೆ ಬೀಳುತ್ತದೆ, ಅಂಚಿನ ಮೇಲಿದ್ದರೆ ಒಂದೇ ಗೆರೆ ಎಂದು ಬರೆದುಕೊಂಡಿದ್ದೆ. ಐಸಿನ ಮೇಲೆ ಒಂದೇ ಗೆರೆ ಇತ್ತು. ಮೊದಲಿನಿಂದ ಕೊನೆಯವರೆಗೆ ಒಂದೇ.

ವಿಡಿಯೋ ಕಳಿಸುವಾಗ ಅರ್ಜಿಯಲ್ಲಿ 'ಐಸಿನ ಮೇಲೆ ಕಲಿಸಿದವರ ಹೆಸರು' ಎಂಬ ಜಾಗವಿತ್ತು. ನನ್ನ ಹೆಸರು ಹಾಕುತ್ತಾಳೆ ಎಂದು ಕುತ್ತಿಗೆ ಉದ್ದ ಮಾಡಿ ನೋಡಿದೆ. 'ಲೋಕಯ್ಯ, ಹೆಜಮಾಡಿ' ಎಂದು ಬರೆದಳು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಅವಳು ಬರೆದದ್ದೇ ಸರಿ. ನಾನು ಆ ಸಂಜೆ ಲೋಕಯ್ಯಣ್ಣನ ಬಳಿ ಹೋಗಿ, ಬೆಳಿಗ್ಗೆ ಅಂದದ್ದಕ್ಕೆ ತಪ್ಪಾಯಿತು ಎಂದೆ. ಅವನು ಕೊಕ್ಕೆಯನ್ನು ಗೋಡೆಗೆ ತೂಗುಹಾಕುತ್ತ, "ಇರ್ಲಿ ಮಾರಾಯ, ಉಪ್ಪು ಹಾಕಿದ್ದು ನಾನಲ್ವಾ" ಎಂದ.

ಮರುದಿನ ಬೋಟಿನವರು ಐಸಿಗೆ ಬರುವವರಿದ್ದರು, ಕೋಣೆ ಖಾಲಿಯಾಗಬೇಕಿತ್ತು. ರೂಢಿಯಂತೆ ಮೊದಲ ಬ್ಯಾಚನ್ನು ಒಡೆಯುತ್ತ ಬಂದೆವು. ಗೆರೆ ಇದ್ದ ಬ್ಲಾಕುಗಳ ಮುಂದೆ ನನ್ನ ಸುತ್ತಿಗೆ ನಿಂತಿತು. "ಒಡಿ" ಎಂದ ಲೋಕಯ್ಯಣ್ಣ. "ಐಸು ಇಟ್ಟುಕೊಳ್ಳುವ ವಸ್ತುವಾ?" ಒಡೆದೆ. ಮಳೆನೀರಿನ ಜೊತೆ ಅದು ಕಡಲಿಗೆ ಹೋಯಿತು.

ಎರಡು ವಾರದ ಮೇಲೆ ಶಿಬಿರದವರಿಂದ ಕರೆ ಬಂತು. ಅವಳನ್ನು ಆರಿಸಿದ್ದರು. ಗೀತಾ ಅವಳ ಜೊತೆ ಹೋದಳು. ನನಗೆ ಸೀಸನ್ ಶುರುವಾಗಿತ್ತು, ಪ್ಲಾಂಟು ಬಿಡುವಂತಿರಲಿಲ್ಲ. ಅಲ್ಲಿಗೆ ತಲುಪಿದ ಮೊದಲ ದಿನ ಸಂಜೆ ಫೋನ್ ಬಂತು. ಅಂಗಣ ಎಷ್ಟು ದೊಡ್ಡದು, ಕೋಚ್ ಹೇಗೆ, ಬಿದ್ದದ್ದು ಎಷ್ಟು ಸಲ ಎಂದು ಕೇಳಬೇಕೆಂದಿದ್ದೆ. ಅದಕ್ಕೆ ಅವಳು ಬಿಡಲೇ ಇಲ್ಲ.

"ಪಪ್ಪ, ಐಸು ಹೇಗೆ ಮಾಡುದು ಅಂತ ನಮಗೆಲ್ಲ ಮೆಷಿನ್ ರೂಮ್ ತೋರಿಸಿದ್ರು. ಬಾಗಿಲು ತೆಗೆದ ಕೂಡಲೇ ಉಳಿದ ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಓಡಿದ್ರು. ನಿಮ್ಮ ಅಂಗಿ ವಾಸನೆ ಪಪ್ಪ, ಸೇಮ್. ನಾನು ಅಲ್ಲೇ ನಿಂತೆ."